ಬಾಗಿಲಿಗೆ ಕಟ್ಟಿದ ಭಯ

ಆ ಊರಿಗೆ ಒಂದು ಕಲ್ಲಿನ ಕೋಟೆ. ಕೋಟೆಗೆ ಒಂದೇ ಬಾಗಿಲು. ಬಾಗಿಲಿನ ಆಚೆ ಒಂದು ಕಂದರ. ಕಂದರದ ಮೇಲೆ ಹಿಂದೆ ಸೇತುವೆಯಿತ್ತು, ಈಗಿಲ್ಲ. ಯಾಕಿಲ್ಲ ಎಂಬುದು ಮುಂದೆ ಬರುತ್ತದೆ. ಸರದಿ ಬರುವ ಮೊದಲೇ ಹೇಳಿಬಿಡುವುದು ಶಿಸ್ತಲ್ಲ.

ಊರಿನ ಪ್ರತಿ ಮನೆಯ ಬಾಗಿಲಿಗೂ ಮರದ ಬಿಲ್ಲೆಗಳು ನೇತಾಡುತ್ತಿದ್ದವು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಜೊತೆ. ಒಂದೊಂದು ಜೊತೆಯಲ್ಲಿ ಎರಡು ಬಿಲ್ಲೆ, ನಡುವೆ ಕೆಂಪು ದಾರದ ಗಂಟು. ಎಡಗಡೆಯ ಬಿಲ್ಲೆ ಒಬ್ಬೊಬ್ಬರಿಗೆ ಒಂದೊಂದು. ಬಲಗಡೆಯದು ಎಲ್ಲರಿಗೂ ಒಂದೇ: ಫೋಬಿಯಾ. ಫೋಬಿಯಾ ಅಂದರೆ ಭಯ.

ಅದು ಯಾವ ದೇಶದ ಮಾತೋ ಯಾರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ ಒಬ್ಬ ಪರದೇಶಿ ಒಂದು ಪೆಟ್ಟಿಗೆ ಹೊತ್ತು ತಂದನಂತೆ. ಪೆಟ್ಟಿಗೆಯ ತುಂಬ ಮಾತಿನ ಬೇರುಗಳಿದ್ದವಂತೆ. ಪರದೇಶಿ ಸತ್ತ, ಪೆಟ್ಟಿಗೆ ಉಳಿಯಿತು. ಊರಿನವರು ಪೆಟ್ಟಿಗೆಗೊಂದು ಮನೆ ಕಟ್ಟಿದರು. ಅದು ಬೇರುಮನೆಯಾಯಿತು. ಅದನ್ನು ಕಾಯುವವಳು ಬೇರಮ್ಮನಾದಳು. ಒಬ್ಬ ಬೇರಮ್ಮ ಸತ್ತರೆ ಇನ್ನೊಬ್ಬಳು. ಗೋಡೆಯ ತುಂಬ ಖಾನೆಗಳು, ಖಾನೆಗೊಂದು ಬೇರು. ಊರಿನ ಮಕ್ಕಳು ಮಗ್ಗಿ ಕಲಿಯುವ ಮೊದಲು ಬೇರು ಕಲಿಯುತ್ತಿದ್ದರು. ಬೆಳಗಾದರೆ ಜಗಲಿ ಜಗಲಿಯಿಂದ ಅದೇ ರಾಗ.

ಹೈಡ್ರೋ ಅಂದರೆ ನೀರು.
ಪೈರೋ ಅಂದರೆ ಬೆಂಕಿ.
ಹೀಮೋ ಅಂದರೆ ರಕ್ತ.
ಪೊಗೊನೋ ಅಂದರೆ ಗಡ್ಡ.
ಫೋಬಿಯಾ ಅಂದರೆ ಭಯ, ಭಯವಿಲ್ಲದವರು ಬಾಗಿಲಾಚೆ.

ನಿಯಮ ಚಿಕ್ಕದು. ಹನ್ನೆರಡು ತುಂಬಿದ ಮಗು ಬೇರುಮನೆಗೆ ಬರಬೇಕು. ಬೇರಮ್ಮ ಮಗುವಿನ ಭಯವನ್ನು ಕಂಡುಹಿಡಿದು, ಅದರ ಬೇರನ್ನು ಹುಡುಕಿ, ಹೆಸರು ಕಟ್ಟುತ್ತಾಳೆ. ಬಿಲ್ಲೆಯಲ್ಲಿ ಬರೆದದ್ದು ಬಿಲ್ಲೆಯವರ ಕಣ್ಣೆದುರು ಬರಕೂಡದು. ನೋಡಿಕೊಳ್ಳುವುದು ಊರಿನ ಹೊಣೆ. ಯಾರಿಗೆ ಹೆಸರು ಬೀಳುವುದಿಲ್ಲವೋ ಅವರನ್ನು ಕೋಟೆಯ ಬಾಗಿಲಿನಿಂದ ಹೊರಗೆ ಬಿಡಬೇಕು. ಭಯವಿಲ್ಲದವರನ್ನು ನಂಬುವುದು ಹೇಗೆ?

ಇಷ್ಟೇ ನಿಯಮ. ಆದರೆ ಜನ ನಿಯಮವನ್ನು ಇದ್ದಂತೆ ಬಿಡುವುದಿಲ್ಲ, ಅದರಲ್ಲೂ ಮೇಲು ಕೀಳು ಹುಡುಕುತ್ತಾರೆ. ನೀರಿಗೆ ಹೆದರುವವರು ಊರಿನಲ್ಲಿ ನೂರು ಜನ, ಬೆಂಕಿಗೆ ಇನ್ನೂರು. ನೀರನ್ನೂ ಬೆಂಕಿಯನ್ನೂ ಊರಿನಿಂದ ಓಡಿಸಲಾಗದು. ಆದ್ದರಿಂದ ಅವರವರ ಕಣ್ಣು ಅವರವರೇ ಮುಚ್ಚಿಕೊಳ್ಳಬೇಕು ಎಂದಾಯಿತು. ಅಂಥವರು ಸಭೆಯಲ್ಲಿ ಹಿಂದೆ ಕೂರಬೇಕು ಎಂದೂ ಆಯಿತು. ಅಪರೂಪದ ಭಯದವರು ಮುಂದೆ. ದೊಡ್ಡಮನೆಯಾಕೆಯ ಹಿರಿಯ ಮಗನಿಗೆ ಪೊಗೊನೋಫೋಬಿಯಾ ಬಿದ್ದ ವರ್ಷ ಊರಿನ ಗಂಡಸರೆಲ್ಲ ಗಡ್ಡ ಬೋಳಿಸಿದರು. ಎರಡನೆಯವನಿಗೆ ಟ್ರಿಸ್ಕೈಡೆಕಾಫೋಬಿಯಾ, ಅಂದರೆ ಹದಿಮೂರರ ಭಯ. ಅಂದಿನಿಂದ ಊರಿನ ಎಣಿಕೆ ಹನ್ನೆರಡಾದ ಮೇಲೆ ಹದಿನಾಲ್ಕಕ್ಕೆ ಹಾರುತ್ತಿತ್ತು. ಅವಳ ಮಾವನಿಗೆ ಗೆಫೈರೋಫೋಬಿಯಾ, ಸೇತುವೆಯ ಭಯ. ಸೇತುವೆ ಒಡೆದದ್ದು ಹಾಗೆ.

ಈಗಿನ ಬೇರಮ್ಮನ ಬಿಲ್ಲೆ ಎಲ್ಲರಿಗಿಂತ ಭಾರ. ಕ್ಸಾಂಥೋಫೋಬಿಯಾ. ಕ್ಸಾಂಥೋ ಅಂದರೆ ಹಳದಿ. ಬೇರಮ್ಮ ಎಲ್ಲರ ಮನೆಗೂ ಹೋಗುವವಳಾದ್ದರಿಂದ ಹಳದಿ ಇಡೀ ಊರಿಗೆ ನಿಷಿದ್ಧ. ನಲವತ್ತು ವರ್ಷಗಳಿಂದ ಆ ಊರಿನ ಸಾರಿಗೆ ಅರಿಸಿನ ಬಿದ್ದಿರಲಿಲ್ಲ. ಮದುಮಗಳಿಗೆ ಅರಿಸಿನ ಹಚ್ಚುವವರಿಲ್ಲ, ಹೊಸ್ತಿಲುಗಳೆಲ್ಲ ಬೋಳು. ಚೆಂಡುಹೂವು ಎಂದರೆ ಏನೆಂದು ಮಕ್ಕಳು ಕೇಳುತ್ತಿದ್ದರು. ಹೇಳಿದವರ ಬಾಯಿಗೆ ಬೂದಿ ಬೀಳುತ್ತಿತ್ತು.

ಊರಿನ ಸೂಲಗಿತ್ತಿಯ ಬಿಲ್ಲೆ ತೀರ ಸಾಮಾನ್ಯದ್ದು. ಹೀಮೋಫೋಬಿಯಾ. ರಕ್ತದ ಭಯ ಬಿದ್ದವಳಿಗೆ ಹೆರಿಗೆಯ ಕೆಲಸ ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳ ತಾಯಿ ಸೂಲಗಿತ್ತಿ, ಆದ್ದರಿಂದ ಅವಳೂ ಸೂಲಗಿತ್ತಿ. ಕರೆ ಬಂದಕೂಡಲೇ ಅವಳು ಕಣ್ಣಿಗೆ ಬಿಳಿ ಬಟ್ಟೆ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡೇ ಬೀದಿ ದಾಟಬೇಕು, ಕಟ್ಟಿಕೊಂಡೇ ಮಗುವನ್ನು ಎತ್ತಬೇಕು. ಊರಿನಲ್ಲಿ ಅವಳ ಕೈಗೆ ಹುಟ್ಟಿದವರೇ ಹೆಚ್ಚು. ಒಬ್ಬರು ಹುಟ್ಟಿದ್ದನ್ನೂ ಅವಳು ಕಣ್ಣಾರೆ ಕಂಡವಳಲ್ಲ. ಅವಳಿಗಿದ್ದದ್ದು ಬೆರಳು. ಮೂರು ಬೆರಳು ಮಣಿಕಟ್ಟಿನ ಮೇಲಿಟ್ಟರೆ ಬಸುರಿಗೆ ಇನ್ನೆಷ್ಟು ಹೊತ್ತು ಎಂದು ಹೇಳುತ್ತಿದ್ದಳು, ಹೇಳಿದ್ದು ತಪ್ಪುತ್ತಿರಲಿಲ್ಲ.

ಕರೆ ಬಂದಾಗ ಸೂಲಗಿತ್ತಿಯ ಮಗಳು ಮುಂದೆ ನಡೆಯುತ್ತಿದ್ದಳು, ತಾಯಿ ಮಗಳ ಹೆಗಲ ಮೇಲೆ ಕೈಯಿಟ್ಟು ಹಿಂದೆ. ಹತ್ತು ಹೆಜ್ಜೆಗೊಮ್ಮೆ ಮಗಳು ತಿರುಗದೆ ಕೇಳುತ್ತಿದ್ದಳು.

"ಅವ್ವಾ, ಇದ್ದೀಯಾ?"

"ಇದ್ದೀನಿ, ನಡಿ."

ಮಗಳು ಬೇರು ಕಲಿತದ್ದು ಹೀಗೆ, ಬಾಗಿಲುಗಳನ್ನು ಓದುತ್ತ. ಜಗಲಿಯ ಪಾಠಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಬಿಲ್ಲೆ ಕಂಡರೆ ಗಂಟು ಬಿಚ್ಚಿದಂತೆ ಮಾತನ್ನು ಬಿಚ್ಚುತ್ತಿದ್ದಳು.

"ಅವ್ವಾ, ಟ್ರಿಸ್ ಅಂದ್ರೆ ಮೂರು, ಕೈ ಅಂದ್ರೆ ಮತ್ತೆ, ಡೆಕಾ ಅಂದ್ರೆ ಹತ್ತು. ಮೂರು ಮತ್ತೆ ಹತ್ತು! ಇಷ್ಟು ಸಣ್ಣ ಕೂಡೋ ಲೆಕ್ಕಕ್ಕೆ ಹೆದರ್ತಾರಾ ದೊಡ್ಡಮನೆಯವರು?"

"ಮೆಲ್ಲಗೆ ಮಾತಾಡೇ, ನಿನ್ ಬಾಯಿಗೆ ಬಾಗಿಲಿಲ್ಲ."

"ಕಣ್ಣಿಗೆ ಕಟ್ಕೊಂಡಿರೋಳು ನೀನು, ಬಾಯಿಗೆ ನಾನು ಕಟ್ಕೋಬೇಕಾ?"

ಆ ವರ್ಷ ಮಗಳಿಗೆ ಹನ್ನೆರಡು ತುಂಬಿತು. ಹೆಸರಿಡುವ ದಿನಕ್ಕೆ ಇನ್ನು ಒಂದು ವಾರ. ಮಗಳು ಯಾವುದಕ್ಕೂ ಹೆದರಿದ್ದನ್ನು ಸೂಲಗಿತ್ತಿ ಕಂಡಿರಲಿಲ್ಲ. ಬೇರೆ ತಾಯಂದಿರು ಮಕ್ಕಳನ್ನು ವರ್ಷಗಟ್ಟಲೆ ತಿದ್ದಿ ತೀಡಿರುತ್ತಾರೆ, ಇವಳು ತಿದ್ದಿರಲಿಲ್ಲ. ಗೋಡೆಯ ಹಲ್ಲಿಯನ್ನು ತೋರಿಸಿ, "ನೋಡು, ಹೆದರು" ಎಂದಳು.

"ಪಾಪ, ನಿನ್ನ ಕೂಗಿಗೆ ಅದೇ ಹೆದರಿ ಬಾಲ ಬಿಟ್ಟು ಹೋಯ್ತಲ್ಲವ್ವಾ."

ಬಾವಿಯನ್ನು ತೋರಿಸಿದಳು. ಮಗಳು ಬಗ್ಗಿ ತನ್ನ ಮುಖಕ್ಕೆ ನಾಲಗೆ ಚಾಚಿದಳು. ಒಲೆ ತೋರಿಸಿದಳು. ಮಗಳು ಎರಡು ಗೆಣಸು ಸುಟ್ಟು ತಂದಳು.

"ನಾಟಕ ಆದ್ರೂ ಆಡೇ," ಎಂದಳು ತಾಯಿ. "ಬಾಗಿಲಾಚೆ ಸೇತುವೆ ಇಲ್ಲ ಕಣೇ. ಕತ್ತು ಹಿಡಿದು ದಬ್ಬಿದ್ರೆ ನಿಲ್ಲೋಕೆ ಎರಡು ಹೆಜ್ಜೆ ಜಾಗ ಇದೆ, ಅಷ್ಟೇ."

ಮಗಳು ಗೆಣಸಿನ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದಳು. "ನಾಟಕ ಆಡ್ತೀನಿ. ಆದ್ರೆ ಬೇರಮ್ಮ ನೋಡೋದು ಮುಖ ಅಲ್ಲವಲ್ಲ, ನಾಡಿ. ನಾಡಿಗೆ ನಾಟಕ ಕಲಿಸೋದು ಹೇಗವ್ವಾ?"

ತಾಯಿ ಗೆಣಸಿನ ಸಿಪ್ಪೆಯನ್ನು ಬಾಚಿ ಒಲೆಗೆ ಹಾಕಿದಳು.

ಹಗಲು ಇರುಳು ಸಮವಾಗುವ ದಿನ ಬೇರುಮನೆಯಲ್ಲಿ ಊರು ಸೇರಿತು. ಮುಂದೆ ಅಪರೂಪದವರು, ಹಿಂದೆ ಸಾಮಾನ್ಯರು. ನಡುವೆ ಎರಡು ಮಣೆ. ಒಂದರಲ್ಲಿ ಬೇರಮ್ಮ, ಬೆನ್ನು ಗೋಡೆಗೆ ತಾಗದಂತೆ, ಸೆರಗಿನ ಒಂದು ನಿರಿಗೆಯೂ ಅತ್ತಿತ್ತ ಆಗದಂತೆ. ನಲವತ್ತು ವರ್ಷಗಳಲ್ಲಿ ಅವಳು ಒಂದು ಬೇರನ್ನೂ ತಪ್ಪು ಹೇಳಿರಲಿಲ್ಲ. ಆ ಹೆಮ್ಮೆ ಅವಳ ಬೆನ್ನಿನಲ್ಲಿತ್ತು.

ವಿಧಿ ಹೀಗೆ. ಮಗು ಎದುರಿನ ಮಣೆಯ ಮೇಲೆ ಕೂತು ಎಡಗೈ ಚಾಚಬೇಕು. ಬೇರಮ್ಮ ತನ್ನ ಎಡಗೈಯ ಹೆಬ್ಬೆರಳನ್ನು ಮಗುವಿನ ಮಣಿಕಟ್ಟಿನ ಮೇಲೆ ಒತ್ತುತ್ತಾಳೆ. ಬಲಗೈಯಲ್ಲಿ ಕೋಲು, ಪಕ್ಕದಲ್ಲಿ ಕಿರುಜಾಗಟೆ. ಹೆಬ್ಬೆರಳಿಗೆ ನಾಡಿ ಒಮ್ಮೆ ತಾಗಿದರೆ ಜಾಗಟೆಗೆ ಒಂದು ಪೆಟ್ಟು. ಒಂದೊಂದಾಗಿ ಖಾನೆ ತೆರೆಯುತ್ತದೆ, ಬೇರಿನ ಹೆಸರು ಕೂಗುತ್ತಾರೆ, ಅದು ಸೂಚಿಸುವ ವಸ್ತು ಎದುರಿಗೆ ಬರುತ್ತದೆ. ಯಾವ ವಸ್ತುವಿಗೆ ಪೆಟ್ಟು ಓಡುತ್ತದೋ ಅದೇ ಭಯ. ಹೆಬ್ಬೆರಳು ಯಾಕೆ ಎಂದರೆ, ಮೊದಲ ಬೇರಮ್ಮ ಹಾಗೆ ಹಿಡಿದಿದ್ದಳು.

ಮೊದಲು ದೊಡ್ಡಮನೆಯ ಕಿರಿಯ ಮಗಳು ಕೂತಳು. ದೊಡ್ಡಮನೆಯಾಕೆ ಮುಂದಿನ ಸಾಲಿನಿಂದ ಎದ್ದು ಬೇರಮ್ಮನ ಎದುರಿಗೇ ನಿಂತಳು. ಅವಳಿಗೆ ಹಾಗೆ ನಿಲ್ಲಲು ಅಪ್ಪಣೆ ಬೇಕಿರಲಿಲ್ಲ.

"ಸಾಮಾನ್ಯದ್ದು ಯಾವುದೂ ಬೇಡಮ್ಮ, ಹೇಳಿದೀನಿ. ನೀರು ಗೀರು ಅಂದ್ರೆ ನಮ್ಮ ಮನೆತನದ ಮರ್ಯಾದೆ ಏನಾಗಬೇಕು?"

"ನಾಡಿ ಹೇಳಿದ್ದನ್ನು ನಾನು ಹೇಳುತ್ತೇನೆ," ಎಂದಳು ಬೇರಮ್ಮ.

ನೀರು ಬಂತು. ಜಾಗಟೆ ನಿಧಾನ. ಬೆಂಕಿ ಬಂತು. ಜಾಗಟೆ ನಿಧಾನ. "ಪ್ಟೆರೋನೋ" ಎಂದು ಕೂಗಿದರು. ಪ್ಟೆರೋನೋ ಅಂದರೆ ಗರಿ. ಒಂದು ಕೋಳಿಯ ಪುಕ್ಕ ಬಂತು. ದೊಡ್ಡಮನೆಯಾಕೆ ಒಂದು ಹೆಜ್ಜೆ ಮುಂದಿಟ್ಟು ಬೇರಮ್ಮನ ಮುಖವನ್ನೇ ನೋಡಿದಳು. ಜಾಗಟೆ ಓಡತೊಡಗಿತು. ಪುಕ್ಕ ಗದ್ದಕ್ಕೆ ತಾಗಿದ ಮಗು ಕಿಲಕಿಲ ನಗುತ್ತಿತ್ತು. ಮಗುವಿನ ನಗುವನ್ನು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇರಲಿಲ್ಲ. ಬಿಲ್ಲೆ ಕಟ್ಟಿದರು. ಪುಕ್ಕವನ್ನು ಕಿತ್ತುಕೊಂಡಾಗ ಮಗು ಅತ್ತಿತು. "ನೋಡಿ, ಎಷ್ಟು ಹೆದರಿದೆ" ಎಂದರು ಮುಂದಿನ ಸಾಲಿನವರು.

ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು: "ಇನ್ನು ಕೋಳಿಗಳೂ ಹೋದ್ವು. ಮೊಟ್ಟೆ ಯಾರಿಡ್ತಾರೆ, ದೊಡ್ಡಮನೆಯವರಾ?"

ಆಮೇಲೆ ಸೂಲಗಿತ್ತಿಯ ಮಗಳು ಕೂತಳು.

ಹೈಡ್ರೋ. ನೀರು. ಜಾಗಟೆ ನಿಧಾನ.
ಪೈರೋ. ಬೆಂಕಿ. ಜಾಗಟೆ ನಿಧಾನ.
ಹೀಮೋ. ಕುರಿಯ ರಕ್ತದ ಬಟ್ಟಲು. ಜಾಗಟೆ ನಿಧಾನ.

"ಪೊಗೊನೋ" ಎಂದಾಗ ಪಕ್ಕದ ಕೋಣೆಯಿಂದ ಗಡ್ಡದವನನ್ನು ಕರೆತಂದರು. ಊರಿಗೆಲ್ಲ ಅವನೊಬ್ಬನೇ ಗಡ್ಡದವನು; ಪರೀಕ್ಷೆಗೆಂದು ಅವನನ್ನು ವರ್ಷವಿಡೀ ಮುಸುಕು ಹಾಕಿ ಇಟ್ಟಿರುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ದೊಡ್ಡಮನೆಯ ಹಿರಿಯ ಮಗನ ಕಣ್ಣಿಗೆ ಅಕ್ಕಪಕ್ಕದವರು ಕೈ ಮುಚ್ಚಿದರು. ಮುಸುಕು ತೆಗೆದರು. ಅವನು ಕಣ್ಣು ಕಿರಿದು ಮಾಡಿ ಹುಡುಗಿಯನ್ನು ನೋಡಿದ.

"ಹೆದರಮ್ಮಾ ತಾಯಿ, ಬೇಗ. ಒಳಗೆ ಗಂಜಿ ಆರಿ ಹೋಗ್ತಿದೆ."

"ಮಾವಾ, ಗಡ್ಡಕ್ಕೆ ಒಂದಿಷ್ಟು ಎಣ್ಣೆ ಹಚ್ಚಬಾರದಾ? ಸಿಕ್ಕಾಗಿದೆ."

"ಬಾಚಣಿಗೆ ಕೊಡೋರು ಯಾರವ್ವಾ? ಈ ಊರಲ್ಲಿ ಬಾಚಣಿಗೆ ಕಂಡು ಹೆದರೋರೂ ಇದ್ದಾರೆ."

ಹಿಂದಿನ ಸಾಲು ನಕ್ಕಿತು. ಬೇರಮ್ಮ ಕೋಲನ್ನು ಒಮ್ಮೆ ನೆಲಕ್ಕೆ ಕುಟ್ಟಿದಳು. ನಗು ನಿಂತಿತು. ಜಾಗಟೆ ಮಾತ್ರ ನಿಧಾನವಾಗಿಯೇ ಇತ್ತು.

ಖಾನೆಗಳು ತೆರೆದವು, ಮುಚ್ಚಿದವು. ಕಪ್ಪೆ, ಗಂಟೆ, ಗುಂಡಿ, ಕೊಡೆ. ಹುಡುಗಿ ನಾಟಕವಾಡಲು ಮರೆಯಲಿಲ್ಲ. ಕೊಡೆ ಬಂದಾಗ "ಅಯ್ಯಯ್ಯೋ" ಎಂದು ಕೂಗಿದಳು. ಜಾಗಟೆ ಕೂಗಲಿಲ್ಲ. ಕೊನೆಯ ಖಾನೆ ಮುಚ್ಚಿದ ಮೇಲೆ ಹುಡುಗಿ ಕೇಳಿದಳು:

"ಅಮ್ಮನವರೇ, ಇಷ್ಟು ಬೇರು ಇದಾವಲ್ಲ, ಎಲ್ಲದಕ್ಕೂ ಭಯವನ್ನೇ ಯಾಕೆ ಕಟ್ಟಬೇಕು? ನೀರಿನ ಬೇರಿಗೆ ಇನ್ನೇನಾದ್ರೂ ಕಟ್ಟಬಹುದಲ್ಲ."

"ಬೇರೆ ಬಿಲ್ಲೆ ಈ ಮನೆಯಲ್ಲಿಲ್ಲ," ಎಂದಳು ಬೇರಮ್ಮ. ಆಮೇಲೆ ಸಭೆಗೆ ಹೇಳಿದಳು: "ಹೆಸರು ಬೀಳಲಿಲ್ಲ. ಬಾಗಿಲು ತೆಗೆಯಿರಿ."

ಕೋಟೆಯ ಬಾಗಿಲು ಬೇರುಮನೆಯ ಎದುರಿಗೇ ಇತ್ತು. ತಿರುಗುಣಿಗಳು ಕಿರುಗುಟ್ಟಿದವು. ಕಂದರದ ಗಾಳಿ ಒಳಗೆ ಬಂದು ಬಿಲ್ಲೆಗಳನ್ನೆಲ್ಲ ಅಲ್ಲಾಡಿಸಿತು.

ಹೊರಗೆ ಬಿಡುವುದಕ್ಕೂ ವಿಧಿಯಿತ್ತು. ಬೇರಮ್ಮ ಕೊನೆಯ ಹನ್ನೆರಡು ಪೆಟ್ಟು ಎಣಿಸಬೇಕು. ಎಣಿಸುವಾಗ ಹೆತ್ತವಳು ಮಗುವಿನ ಬಲಗೈ ಹಿಡಿದಿರಬೇಕು. ಹನ್ನೆರಡನೆಯ ಪೆಟ್ಟಿಗೆ ಹೆತ್ತವಳೇ ಮಗುವನ್ನು ಬಾಗಿಲಿಗೆ ನಡೆಸಿ, ಹೆತ್ತವಳೇ ಕೈ ಬಿಡಬೇಕು.

ಸೂಲಗಿತ್ತಿ ಹಿಂದಿನ ಸಾಲಿನಿಂದ ಎದ್ದು ಬಂದಳು. ಮಗಳ ಬಲಗೈಯನ್ನು ಹಿಡಿದಳು. ಮೂವತ್ತು ವರ್ಷಗಳ ಅಭ್ಯಾಸ: ಕಣ್ಣು ತಾನಾಗಿ ಮುಚ್ಚಿತು, ಮೂರು ಬೆರಳು ತಾವಾಗಿ ಮಣಿಕಟ್ಟಿಗೆ ಹೋದವು.

ಜಾಗಟೆ ಒಂದು ಪೆಟ್ಟು ಹೊಡೆಯಿತು.

ಅಷ್ಟರಲ್ಲಿ ಮಗಳ ನಾಡಿ ಅವಳ ಬೆರಳಿಗೆ ಎರಡು ಸಲ ಹೊಡೆದಿತ್ತು.

ಜಾಗಟೆಯ ಎರಡನೆಯ ಪೆಟ್ಟು. ಬೆರಳಿನಡಿ ಮತ್ತೆ ಎರಡು. ಬೋನಿಗೆ ಬಿದ್ದ ಇಲಿಯ ಎದೆಯಂತೆ ಓಡುತ್ತಿತ್ತು. ಮೂರನೆಯ ಪೆಟ್ಟು, ನಾಲ್ಕನೆಯ ಪೆಟ್ಟು. ಒಂದೇ ಮಗು, ಎರಡು ಕೈ. ಒಂದು ಕೈಯಲ್ಲಿ ನಾಡಿ ನಡೆಯುವುದು, ಇನ್ನೊಂದರಲ್ಲಿ ಓಡುವುದು ಎಲ್ಲಾದರೂ ಉಂಟೇ? ಐದನೆಯ ಪೆಟ್ಟಿಗೆ ಸೂಲಗಿತ್ತಿ ಕಣ್ಣು ತೆರೆದು ಬೇರಮ್ಮನ ಹೆಬ್ಬೆರಳನ್ನು ನೋಡಿದಳು.

"ನಿಲ್ಲಿಸಿ ಅಮ್ಮನವರೇ. ಈ ಜಾಗಟೆ ನನ್ನ ಮಗಳದ್ದಲ್ಲ."

"ಮತ್ತೆ ಯಾರದು?"

"ನಿಮ್ಮದು."

ಬೇರಮ್ಮನ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು. "ಬೇರುಮನೆಯಲ್ಲಿ ನಿಂತು ಮಾತಾಡುತ್ತಿದ್ದೀಯೆ. ಎಣಿಸಿ ಮಾತಾಡು."

"ಎಣಿಸಿಯೇ ಮಾತಾಡ್ತಿದೀನಿ. ಹೆಬ್ಬೆರಳಿಗೆ ತನ್ನದೇ ನಾಡಿ ಇರುತ್ತೆ ಅಮ್ಮನವರೇ. ಸೂಲಗಿತ್ತಿಯ ಮನೆಯಲ್ಲಿ ಮಕ್ಕಳಿಗೆ ಮೊದಲು ಹೇಳಿಕೊಡೋದೇ ಅದು. ಹೆಬ್ಬೆರಳಲ್ಲಿ ಹಿಡಿದ್ರೆ ಕೇಳೋದು ಹಿಡಿದವರ ಎದೆ, ಹಿಡಿಸಿಕೊಂಡವರದ್ದಲ್ಲ. ತೋರಿಸ್ತೀನಿ. ನೀವು ಅವಳ ಕೈ ಬಿಡಬೇಡಿ. ಜಾಗಟೆ ನಿಲ್ಲಿಸಬೇಡಿ."

ಬೇರಮ್ಮ ಬೇಡವೆನ್ನಬಹುದಿತ್ತು. ಆದರೆ ಲೆಕ್ಕ ಒಪ್ಪಿಸಲು ಹಿಂಜರಿದಳು ಎನ್ನಿಸಿಕೊಳ್ಳುವವಳಲ್ಲ. ಹೆಬ್ಬೆರಳು ಹುಡುಗಿಯ ಮಣಿಕಟ್ಟಿನ ಮೇಲೆಯೇ ಇತ್ತು. ಸೂಲಗಿತ್ತಿ ಬೇರಮ್ಮನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಕಣ್ಣಿಗೆ ತನ್ನ ಬಿಳಿ ಬಟ್ಟೆ ಕಟ್ಟಿಕೊಂಡು ಜಾಗಟೆಗೆ ಬೆನ್ನು ತಿರುಗಿಸಿದಳು.

"ಈಗ," ಎಂದಳು. ಜಾಗಟೆ ಹೊಡೆಯಿತು.
"ಈಗ." ಜಾಗಟೆ ಹೊಡೆಯಿತು.
"ಈಗ." ಜಾಗಟೆ ಹೊಡೆಯಿತು.

ಹತ್ತು ಸಲ ಹೇಳಿದಳು. ಹತ್ತು ಸಲವೂ ಮಾತು ಮೊದಲು, ಪೆಟ್ಟು ಹಿಂದೆ.

ಆಮೇಲೆ ಅವಳು ಸೊಂಟದ ಗಂಟಿನಿಂದ ಏನನ್ನೋ ತೆಗೆದು ಬೇರಮ್ಮನ ಮಡಿಲಿಗೆ ಹಾಕಿದಳು. ಒಣಗಿದ ಒಂದು ಕೊಂಬು, ಕಿರುಬೆರಳಿನಷ್ಟು. ಮುರಿದ ತುದಿಯಲ್ಲಿ ಬಣ್ಣ ಹೊಳೆಯುತ್ತಿತ್ತು.

"ಅರಿಸಿನ!" ಎಂದು ಒಬ್ಬ ಮುದುಕಿ ಚೀರಿದಳು. ಮುಂದಿನ ಸಾಲು ಸೆರಗಿನಿಂದ ಮುಖ ಮುಚ್ಚಿಕೊಂಡಿತು. "ಎಲ್ಲಿಂದ ಬಂತು? ಯಾರು ತಂದರು?"

"ನಿಮ್ಮೆಲ್ಲರ ಹೊಕ್ಕುಳಿಗೆ ಹಚ್ಚಿದ್ದು ಇದನ್ನೇ," ಎಂದಳು ಸೂಲಗಿತ್ತಿ, ಕಣ್ಣು ಬಿಚ್ಚದೆ. "ಗಾಯ ಮಾಯಬೇಕಲ್ಲ. ಕಣ್ಣು ಕಟ್ಟಿಕೊಂಡವಳಿಗೆ ಹಳದಿ ಯಾವುದು, ಬಿಳಿ ಯಾವುದು? ಅಮ್ಮನವರೇ, ಜಾಗಟೆ ಹೊಡೀರಿ."

ಬೇರಮ್ಮ ಮಡಿಲಿನ ಕಡೆ ನೋಡಿದಳು. ನಲವತ್ತು ವರ್ಷ ಅವಳ ಕಣ್ಣೆದುರು ಬಾರದ ಬಣ್ಣ. ಅದು ಒಂದು ಕೊಂಬಷ್ಟೇ ಆಗಿತ್ತು. ಜಾಗಟೆ ಹೊಡೆಯಿತು. ಮತ್ತೆ ಹೊಡೆಯಿತು. ಅದೇ ನಡೆ, ಅದೇ ನಿಧಾನ.

"ಕೇಳಿದ್ರಾ?" ಎಂದಳು ಸೂಲಗಿತ್ತಿ. "ನೀವು ಹಳದಿಗೆ ಹೆದರೋರಲ್ಲ. ಹೆದರಿದ್ದು ನಿಮಗಿಂತ ಹಿಂದಿನ ಬೇರಮ್ಮ. ನಾನೂ ರಕ್ತಕ್ಕೆ ಹೆದರಿದವಳಲ್ಲ. ನನ್ನ ಕೈ ಹಿಡಿದ ದಿನ ಅವರಿಗೆ ವಯಸ್ಸಾಗಿತ್ತು. ಕುರಿ ಕಡಿದದ್ದು ಕಂಡು ಅವರ ಎದೆ ಹೊಡ್ಕೊಂಡಿತು, ಕಣ್ಣು ಕಟ್ಟಿದ್ದು ನನಗೆ."

ಇಷ್ಟು ಹೊತ್ತಿಗೆ ದೊಡ್ಡಮನೆಯಾಕೆ ಎದ್ದಿದ್ದಳು. ಧಡಧಡ ಬಂದು ಬೇರಮ್ಮನ ಎದುರಿಗೆ ನಿಂತಳು. "ಏನಮ್ಮಾ ಇದು? ಕಂಡೋರ ಮನೆ ಹೆರಿಗೆ ಮಾಡೋಳ ಮಾತು ಕೇಳ್ಕೊಂಡು ಕೂತಿದೀರಲ್ಲ! ಹೊರಗೆ ಹಾಕಿಸಿ ಇಬ್ಬರನ್ನೂ!"

ಜಾಗಟೆ ಓಡತೊಡಗಿತು.

ಊರೆಲ್ಲ ಕೇಳಿತು. ಬೇರಮ್ಮನೂ ಕೇಳಿದಳು. ನಾಡಿ ತಾಗಿದಾಗಲೆಲ್ಲ ಕೈ ಹೊಡೆಯಬೇಕೆಂಬುದು ಅವಳ ಶಿಸ್ತು. ಆ ಶಿಸ್ತನ್ನು ಆಗಲೂ ಅವಳು ಮುರಿಯಲಿಲ್ಲ. ಢಣ ಢಣ ಢಣ. ಪುಕ್ಕ ಬಂದಾಗಿನ ಓಟವೇ. ಗಡ್ಡ ಬಂದ ವರ್ಷದ ಓಟವೇ.

"ಅಯ್ಯೋ," ಎಂದ ಗಡ್ಡದವನು ಮೂಲೆಯಿಂದ, "ಹಾಗಾದ್ರೆ ಇಷ್ಟು ವರ್ಷ ಗಡ್ಡ ಕಂಡು ಯಾರೂ ಹೆದರಿಲ್ಲವಾ? ನನ್ನನ್ನ ಕೋಣೆಯಲ್ಲಿ ಕೂಡಿ ಹಾಕಿದ್ದು ದೊಡ್ಡಮನೆಯಮ್ಮನ ಮುಖ ಕಂಡು!"

ಯಾರೂ ನಗಲಿಲ್ಲ.

ಸೂಲಗಿತ್ತಿ ಕಣ್ಣಿನ ಬಟ್ಟೆ ಬಿಚ್ಚಿ ಸಭೆಯ ಕಡೆ ತಿರುಗಿದಳು. "ನಿಮ್ಮ ಬಿಲ್ಲೆಗಳನ್ನೂ ನೋಡೋಣ. ಬನ್ನಿ, ಕೈ ಕೊಡಿ. ಯಾರಿಗೆ ಯಾವುದು ನಿಜ, ಯಾವುದು ಸುಳ್ಳು, ಈಗಲೇ ಹೇಳ್ತೀನಿ."

ಒಂದು ಕೈಯೂ ಮುಂದೆ ಬರಲಿಲ್ಲ. ಮುಂದಿನ ಸಾಲಿನವರು ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು. ಹಿಂದಿನ ಸಾಲಿನವರೂ ಎಳೆದುಕೊಂಡರು, ಇದು ಗಮನಿಸಬೇಕಾದ ಸಂಗತಿ. ಮನುಷ್ಯ ಆಸ್ತಿಯನ್ನಾದರೂ ಬಿಟ್ಟಾನು, ತನ್ನದೆಂದು ನಂಬಿ ಸಾಕಿದ ಭಯವನ್ನು ಬಿಡಲಾರ.

"ಸರಿ," ಎಂದಳು ಸೂಲಗಿತ್ತಿ. "ನಿಮ್ಮದು ನಿಮಗಿರಲಿ. ನನ್ನ ಮಗಳನ್ನ ನೋಡಿ. ನನ್ನ ಬೆರಳು ನಂಬಬೇಡಿ, ಅಮ್ಮನವರೇ ನೋಡಲಿ."

ಬೇರಮ್ಮ ತಪ್ಪಾಯಿತು ಎನ್ನಲಿಲ್ಲ. ಹಾಗೆ ಹೇಳುವವಳಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಚಿಕೊಂಡಳು. ಅಷ್ಟೇ. ಮೂರು ಬೆರಳನ್ನು ಸೂಲಗಿತ್ತಿ ಇಟ್ಟಂತೆಯೇ ಇಟ್ಟಳು, ಕೋಲು ಎತ್ತಿದಳು. ಜಾಗಟೆ ಒಮ್ಮೆಗೇ ಬಿರುಮಳೆ ಬಿದ್ದಂತೆ ಹೊಡೆಯಿತು. ಮಡಿಲಿನಲ್ಲಿ ಅರಿಸಿನವಿತ್ತು, ಎದುರಿಗೆ ಗಡ್ಡದವನಿದ್ದ, ನೆಲದ ಮೇಲೆ ಪುಕ್ಕವಿತ್ತು. ಒಂದೊಂದನ್ನೇ ತೆಗೆಸಿದಳು. ಜಾಗಟೆ ಇಳಿಯಲಿಲ್ಲ.

"ಎಲ್ಲರೂ ಬೆನ್ನು ತಿರುಗಿಸಿ," ಎಂದಳು ಬೇರಮ್ಮ.

ಊರು ಬೆನ್ನು ತಿರುಗಿಸಿತು. ಬೇರಮ್ಮನೂ ಕತ್ತು ಹೊರಳಿಸಿದಳು. ಜಾಗಟೆ ಮೆಲ್ಲಗಾಯಿತು, ಇನ್ನೂ ಮೆಲ್ಲಗಾಯಿತು, ನಿದ್ದೆ ಹೋದ ಮಗುವಿನ ಉಸಿರಿನಂತಾಯಿತು.

"ತಿರುಗಿ."

ಊರು ಹುಡುಗಿಯನ್ನು ನೋಡಿತು. ಜಾಗಟೆ ಓಡಿತು.

ಬೇರಮ್ಮ ಕೋಲನ್ನು ಕೆಳಗಿಟ್ಟಳು. "ಇವಳಿಗೆ ಭಯವಿದೆ. ಬೆಳಗಿನಿಂದಲೂ ಇತ್ತು. ಹೆಸರೇನು? ನೀನೇ ಹೇಳು. ಬಾಗಿಲು ಓದಿ ಕಲಿತವಳಂತೆ."

ಹುಡುಗಿ ಎದ್ದಳು. ಅವಳ ಮುಖ ಬಿಳಿಚಿತ್ತು. ಈಗ ಅದನ್ನು ನಾಟಕ ಎನ್ನುವವರು ಯಾರೂ ಇರಲಿಲ್ಲ. ಖಾನೆಗಳ ಗೋಡೆಯ ಮುಂದೆ ನಿಂತು, ತೀರ ಕೆಳಗಿನ ಸಾಲಿನ ಒಂದು ಖಾನೆಯನ್ನು ಎಳೆದಳು. ಧೂಳು ಹಿಡಿದ ಬಿಲ್ಲೆ. ಯಾರಿಗೂ ಎಂದೂ ಕಟ್ಟಿರದ ಬೇರು.

"ಆಂಥ್ರೋಪೋ," ಎಂದಳು. "ಆಂಥ್ರೋಪೋ ಅಂದ್ರೆ ಮನುಷ್ಯರು."

ಬೇರಮ್ಮ ಬಿಲ್ಲೆಯ ಧೂಳನ್ನು ಸೆರಗಿನಿಂದ ಒರೆಸಿ, ಭಯದ ಬಿಲ್ಲೆಗೆ ಸೇರಿಸಿ, ಕೆಂಪು ದಾರ ಸುತ್ತಿ, ಗಂಟು ಹಾಕಿದಳು.

ದೊಡ್ಡಮನೆಯಾಕೆಗೆ ಆಗ ಅರ್ಥವಾಯಿತು. "ಒಂದು ನಿಮಿಷ. ಬಿಲ್ಲೆಯಲ್ಲಿರೋದು ಬಿಲ್ಲೆಯವರ ಕಣ್ಣೆದುರು ಬರಕೂಡದು ಅಂದ್ರೆ... ಈ ಹುಡುಗಿ ಬೀದಿಗೆ ಬಂದ್ರೆ ನಾವ್ಯಾರೂ ಹೊರಗೆ ಬರೋ ಹಾಗಿಲ್ವಾ?"

"ಇಲ್ಲ."

"ಇವಳೊಬ್ಬಳಿಗೋಸ್ಕರ ಇಡೀ ಊರು ಒಳಗೆ ಕೂರಬೇಕಾ?"

"ನಿಮ್ಮ ಮಗನೊಬ್ಬನಿಗಾಗಿ ಇಡೀ ಊರು ಗಡ್ಡ ಬೋಳಿಸಿತು. ನಿಮ್ಮ ಮಾವನೊಬ್ಬರಿಗಾಗಿ ಸೇತುವೆ ಒಡೆಯಿತು."

"ಹೊರಗೆ ಹಾಕಿಬಿಡಿ ಅಂತೀನಿ!"

"ಹೆಸರು ಬಿದ್ದವರನ್ನು ಹೊರಗೆ ಹಾಕುವ ನಿಯಮವಿಲ್ಲ," ಎಂದಳು ಬೇರಮ್ಮ. ಅವಳ ಸ್ವರ ನಡುಗಲಿಲ್ಲ. ನಡುಗಿದ್ದರೆ ಅದು ಎದೆಯ ಒಳಗೆ, ಹೆಬ್ಬೆರಳು ಮಡಿಚಿದ ಮುಷ್ಟಿಯ ಒಳಗೆ. "ಬಾಗಿಲು ಮುಚ್ಚಿ. ನೀವೆಲ್ಲ ನಿಮ್ಮ ನಿಮ್ಮ ಮನೆಗೆ ಹೋಗಿ. ನಿಯಮ ನಿಯಮವೇ."

ಕೋಟೆಯ ಬಾಗಿಲು ಮುಚ್ಚಿತು. ಜನ ಚದುರಿದರು, ಮೊದಲು ನಡೆಯುತ್ತ, ಆಮೇಲೆ ಓಡುತ್ತ. ಗಡ್ಡದವನೂ ತನ್ನ ಕೋಣೆಗೆ ಓಡಿದ, ಹೋಗುವಾಗ, "ಈ ಸಲ ಎಲ್ಲರೂ ನನ್ನ ಹಾಗೇ" ಎಂದು ಹೇಳಿ ಹೋದ.

ಸೂಲಗಿತ್ತಿ ಉಳಿದಳು. ಮಗಳ ಎದುರಿಗೆ ಹೋಗಿ ಕೆನ್ನೆ ಮುಟ್ಟಲು ಕೈ ಚಾಚಿದಳು.

"ನೀನೂ ಮನುಷ್ಯಳೇ," ಎಂದಳು ಬೇರಮ್ಮ.

ಚಾಚಿದ ಕೈ ಗಾಳಿಯಲ್ಲಿ ನಿಂತಿತು. ಬೇರಮ್ಮನ ಮುಖದಲ್ಲಿ ಕರುಣೆ ಇರಲಿಲ್ಲ, ಕ್ರೌರ್ಯವೂ ಇರಲಿಲ್ಲ, ನಿಯಮವಿತ್ತು. ಸೂಲಗಿತ್ತಿ ಆ ಮುಖವನ್ನು ನೋಡಿದಳು, ಮಗಳ ಮುಖವನ್ನು ಕೊನೆಯ ಸಲ ಎಂಬಂತೆ ನೋಡಿದಳು. ಆಮೇಲೆ ಮಗಳ ಸುತ್ತ ಅರ್ಧ ಸುತ್ತು ಬಂದು ಅವಳ ಬೆನ್ನ ಹಿಂದೆ ನಿಂತಳು. ಹೆಗಲ ಮೇಲೆ ಕೈಯಿಟ್ಟಳು.

"ಕಣ್ಣೆದುರು ಬರಕೂಡದು ಅಂತ ತಾನೇ ಇರೋದು," ಎಂದಳು.

ಬೇರಮ್ಮ ಯೋಚಿಸಿದಳು. ನಿಯಮವನ್ನು ಅಕ್ಷರ ಅಕ್ಷರವಾಗಿ ಯೋಚಿಸಿದಳು. "ಹೌದು," ಎಂದಳು. "ಅಷ್ಟೇ ಇರುವುದು."

ಬೇರುಮನೆಯ ಬಾಗಿಲನ್ನು ಅವಳು ಒಳಗಿನಿಂದ ಹಾಕಿಕೊಂಡಳು.

ಹೊರಗೆ ಉರಿಬಿಸಿಲು. ಬೀದಿಯ ಉದ್ದಕ್ಕೂ ಬಾಗಿಲುಗಳು ಒಂದಾದ ಮೇಲೊಂದು ಮುಚ್ಚುತ್ತಿದ್ದವು. ಮಗಳು ಪ್ರತಿ ಬಾಗಿಲಿನ ಮುಂದೆಯೂ ನಿಂತಳು. ಬಿಲ್ಲೆಯನ್ನು ಹಿಡಿದು ಗಟ್ಟಿಯಾಗಿ ಓದಿದಳು. ಮೊದಲು ಬೇರು, ಆಮೇಲೆ ಭಯ. ಎರಡರ ನಡುವೆ ಒಂದು ಉಸಿರಿನಷ್ಟು ಬಿಡುವು. ಬಾಗಿಲಿನ ಹಿಂದೆ ನಿಂತವರು ಆ ಬಿಡುವಿನಲ್ಲಿ ತಮ್ಮ ಮಣಿಕಟ್ಟನ್ನು ಮೂರು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಮುಟ್ಟಿ ನೋಡಿಕೊಂಡೆ ಎಂದು ಪಕ್ಕದವರಿಗೆ ಯಾರೂ ಹೇಳಲಿಲ್ಲ.

ಬೇರಮ್ಮ ಕತ್ತಲೆಯ ಕೋಣೆಯಲ್ಲಿ ನೆಟ್ಟಗೆ ಕೂತಿದ್ದಳು. ಮಡಿಲಿನ ಅರಿಸಿನವನ್ನು ಎಸೆಯಬೇಕೆಂದು ಕೈಗೆ ತೆಗೆದುಕೊಂಡಿದ್ದಳು, ಎಸೆದಿರಲಿಲ್ಲ. ಬೆವರಿದ ಅಂಗೈಗೆ ಬಣ್ಣ ಹತ್ತಿತ್ತು. ಹೊರಗೆ ಹೆಜ್ಜೆಗಳು ಬೀದಿಯ ತುದಿಯವರೆಗೆ ಹೋಗಿ ತಿರುಗಿದವು. ತನ್ನ ಬಾಗಿಲಿನ ಕಡೆಗೇ ಬರುತ್ತಿದ್ದವು. ಅವಳು ಅರಿಸಿನದ ಕೈಯ ಮೂರು ಬೆರಳನ್ನು ಇನ್ನೊಂದು ಮಣಿಕಟ್ಟಿನ ಮೇಲಿಟ್ಟಳು. ನಾಡಿ ಓಡುತ್ತಿತ್ತು. ಎದುರಿಗೆ ದೊಡ್ಡಮನೆಯಾಕೆ ಇರಲಿಲ್ಲ. ಗೋಡೆಯ ತುಂಬ ಖಾನೆಗಳಿದ್ದವು, ಒಂದೊಂದರ ಬೇರೂ ಅವಳಿಗೆ ಬಾಯಿಪಾಠ. ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ತೆರೆದು ನೋಡಿದಳು. ಈ ಓಟಕ್ಕೆ ಹೆಸರಿರಲಿಲ್ಲ.

ಹೆಸರಿಲ್ಲದವರಿಗೆ ಏನು ನಿಯಮವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಹೆಜ್ಜೆಗಳು ಬಾಗಿಲಿನ ಮುಂದೆ ನಿಂತವು. ಬಿಲ್ಲೆಗಳು ಒಂದಕ್ಕೊಂದು ತಾಗಿದ ಸದ್ದು. ಬೇರಮ್ಮ ಮಣೆಯ ಸಮೇತ ಹೊರಳಿ ಮುಖವನ್ನು ಗೋಡೆಗೆ ತಿರುಗಿಸಿ ಕೂತಳು.

"ಕ್ಸಾಂಥೋ," ಎಂದು ಹೊರಗಿನಿಂದ ಹುಡುಗಿ ಓದಿದಳು. ಒಂದು ಉಸಿರು ಬಿಟ್ಟಳು. ಭಯದ ಬಿಲ್ಲೆಯನ್ನು ಓದಲಿಲ್ಲ.

"ಅವ್ವಾ, ಇದ್ದೀಯಾ?"

"ಇದ್ದೀನಿ, ನಡಿ."